ಗುಲಾಬಿ ಗಿಡದ ಬಾಣಂತನ

ನಮ್ಮತ್ತೆ ಹತ್ರ ಎರಡು ಮರಗುಲಾಬಿ ಇದ್ದವು, ಒಂದು ಜಡೆ ದಾಸವಾಳ ಇತ್ತು. ಮರಗುಲಾಬಿ ಅಂದ್ರೆ ನೆಲದಿಂದಲೇ ಪೊದೆ ಕಟ್ಟೋ ಗುಲಾಬಿ ಅಲ್ಲ. ಕಾಡು ಗುಲಾಬಿಯ ಒಂಟಿ ಕಾಂಡವನ್ನ ಎದೆಮಟ್ಟ ನೆಟ್ಟಗೆ ಬೆಳೆಸಿ, ಅದರ ನೆತ್ತಿಗೆ ಒಳ್ಳೇ ಜಾತಿಯ ಕಣ್ಣು ತಂದು ಕಸಿ ಕಟ್ಟಿರ್ತಾರೆ. ಮೇಲೆ ದುಂಡಗೆ ಹೂವಿನ ತಲೆ, ಕೆಳಗೆ ಬೋಳು ಕಾಲು. ದಾಸವಾಳಾನೂ ಹಂಗೇ, ಮೂರು ಎಳೇ ಗಿಡ ಸೇರಿಸಿ ಜಡೆ ಹೆಣೆದು ಒಂದೇ ಮರ ಮಾಡಿದ್ದು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗ ಇತ್ತು, ಮನೆಮನೆಗೂ ತುಳಸಿ ಇತ್ತು, ಮರಗುಲಾಬಿ ಮಾತ್ರ ನಮ್ಮನೇಲಿ. ಅತ್ತೆಗೆ ಆ ಜಂಬ ನೆತ್ತಿಗೇರಿತ್ತು.

ಅತ್ತೆ ಕೆಟ್ಟವರು ಅಂತ ಹೇಳೋಕೆ ಇದನ್ನ ಬರೀತಿಲ್ಲ. ಕೆಟ್ಟವರೇ, ಅದು ಬೀದಿಗೆಲ್ಲ ಗೊತ್ತು, ನಾನು ಬರೆದು ಹೇಳಬೇಕಾಗಿಲ್ಲ. ಒಂದು ಚಳಿಗಾಲ ಅವರು ಆ ಮೂರು ಗಿಡಕ್ಕೆ ಬಾಣಂತನ ಮಾಡಿದರು. ನನಗೆ ಮಾಡಬೇಕಾಗಿದ್ದ ಬಾಣಂತನ ಅದು. ಇಷ್ಟು ವರ್ಷ ಆದ್ರೂ ನನ್ನ ಹೊಟ್ಟೆ ತಣ್ಣಗಾಗಿಲ್ಲ, ಅದಕ್ಕೇ ಬರೀತಿದೀನಿ.

ಅದರ ಹಿಂದಿನ ವರ್ಷ ಇನ್ನೊಂದು ಮರಗುಲಾಬಿ ಇತ್ತು. ಮಾರ್ಗಶಿರದ ಇಬ್ಬನಿಗೆ ಎಲೆಗೆಲ್ಲ ಬೂದಿ ರೋಗ ಬಂದು, ಸಂಕ್ರಾಂತಿ ಹೊತ್ತಿಗೆ ಬೋಳಾಗಿ ಒಣಗಿಹೋಯ್ತು. ಅತ್ತೆ ಪ್ರಕಾರ ಅದಕ್ಕೆ ಶೀತ ಆಗಿತ್ತು. ಗಿಡ ಕೊಟ್ಟಿದ್ದ ಹೊಸಕೋಟೆ ಕಡೆಯ ನರ್ಸರಿಯವರಿಗೆ ಫೋನು ಹಚ್ಚಿದರು. ಸ್ಪೀಕರ್ ಹಾಕಿ ಮಾತಾಡೋದು ಅವರ ಅಭ್ಯಾಸ, ಹಾಗಾಗಿ ನಾನೂ ಕೇಳಿಸಿಕೊಂಡೆ. ಮಂಜುಗಡ್ಡೆ ಬೀಳೋ ದೇಶದಲ್ಲಿ ಇಂಥ ಗಿಡಕ್ಕೆ ಮೈತುಂಬ ಬಟ್ಟೆ ಸುತ್ತಿ, ಮನೆ ಒಳಗೆ ಕತ್ತಲಲ್ಲಿಟ್ಟು, ಚಳಿ ಕಳೆದ ಮೇಲೆ ಆಚೆ ತರ್ತಾರಮ್ಮ ಅಂತ ಆತ ಮಾತಿನ ಮಧ್ಯೆ ಹೇಳಿದ. ನಮ್ಮೂರ ಚಳಿಗೆ ಅದೆಲ್ಲ ಬೇಡ, ಬಿಸಿಲಿಗಿಡಿ, ನೀರು ಕಮ್ಮಿ ಮಾಡಿ ಸಾಕು ಅಂತಾನೂ ಹೇಳಿದ. ಈ ಕೊನೇ ಮಾತು ಅತ್ತೆ ಕಿವಿಗೆ ಹೋಗಲೇ ಇಲ್ಲ.

"ಬಟ್ಟೆ ಸುತ್ತೋದು, ಒಳಗಿಡೋದು, ಗಾಳಿ ತಾಕಿಸದೇ ಇರೋದು. ಬಾಣಂತನ ಅಲ್ದೆ ಇನ್ನೇನಿದು?" ಅಂದರು ಫೋನಿಟ್ಟು. "ಬೀದಿ ಹೆಣ್ಣುಮಕ್ಕಳಿಗೆಲ್ಲ ಮಾಡಿರೋಳು ನಾನು. ನನಗೇ ಹೇಳಿಕೊಡ್ತಾನೆ."

ಅದು ಸುಳ್ಳಲ್ಲ. ಬಾಣಂತನಕ್ಕೆ ನಮ್ಮತ್ತೆ ಅಂದ್ರೆ ಬೀದಿಯೆಲ್ಲ ಕೈ ಮುಗಿಯೋದು. ಮೆಣಸಿನ ಸಾರಿನ ಹದ, ಹಂಡೆ ನೀರಿನ ಬಿಸಿ, ಸಾಂಬ್ರಾಣಿ ಹೊಗೆ ಎಷ್ಟು ಹೊತ್ತು, ಬೆಳ್ಳುಳ್ಳಿ ಸಿಪ್ಪೆ ಯಾವಾಗ, ಎಲ್ಲ ಅವರ ಬೆರಳ ತುದೀಲಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಆ ಗಾದೆ ಹುಟ್ಟಿದ್ದು ನಮ್ಮನೇಲೇ ಇರಬೇಕು.

ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ನನ್ನ ತವರು ಬೂದಿಗೆರೆ. ಅಲ್ಲಿ ಅಮ್ಮ ತೀರಿಕೊಂಡಿದ್ದರು, ಅಪ್ಪ ಒಬ್ಬರೇ ಅಣ್ಣನ ಮನೇಲಿದ್ದರು, ಅತ್ತಿಗೆಗೆ ಅವಳ ಕೂಸೇ ಕಂಕುಳಲ್ಲಿತ್ತು. ಹಾಗಾಗಿ ಅತ್ತೇನೇ ಮಾಡ್ತೀನಿ ಅಂತ ಒಪ್ಪಿಕೊಂಡರು. ಮಗ್ಗದ ಮನೆಯ ಹಿಂದೆ ಒಂದು ಸಣ್ಣ ಕೋಣೆ ಇತ್ತು. ಅದಕ್ಕೆ ಸುಣ್ಣ ಹೊಡೆಸಿದರು, ಕಿಟಕಿಗೆ ಗೋಣಿ ತುರುಕಿದರು, ಹಗ್ಗದ ಮಂಚ ಬಿಗಿ ಮಾಡಿಸಿದರು, ಇದ್ದಿಲು ತರಿಸಿದರು, ಅಗ್ಗಿಷ್ಟಿಕೆ ತೊಳೆದಿಟ್ಟರು. ನೀರು ಹಾಕೋ ಅಜ್ಜಿಗೆ ಹೇಳಿ ಕಳಿಸಿದರು. ಬಾಣಂತಿಗೂ ಮಗುವಿಗೂ ಎಣ್ಣೆ ತಿಕ್ಕಿ ಎರೆಯೋದು ಆ ಅಜ್ಜಿ ಕೆಲಸ. ನಾನು ಹೊಟ್ಟೆ ಹೊತ್ತುಕೊಂಡು ಮಗ್ಗಕ್ಕೆ ನೂಲು ಸುತ್ತುತ್ತಾ ದಿನಾ ಆ ಕೋಣೆ ಬಾಗಿಲು ನೋಡ್ತಿದ್ದೆ. ಮದುವೆಯಾಗಿ ಬಂದಾಗಿನಿಂದ ಆ ಮನೇಲಿ ನನಗೆ ಅಂತ ಯಾರಾದ್ರೂ ಏನಾದ್ರೂ ಅಣಿ ಮಾಡಿದ್ದು ಅದೊಂದೇ. ಹೆತ್ತು ಬಂದು ಅಲ್ಲಿ ಮಲಗಬೇಕು, ಯಾರಾದ್ರೂ ನನ್ನ ತಲೆಗೆ ಬಟ್ಟೆ ಕಟ್ಟಬೇಕು. ನನಗೆ ಬೇಕಾಗಿದ್ದದ್ದು ಇಷ್ಟು.

ಮಗು ಅಳಲಿಲ್ಲ.

ಹೆಣ್ಣು. ತಲೆ ತುಂಬ ಕೂದಲಿತ್ತು. ನರ್ಸಮ್ಮ ಒಂದು ಸಲ ತೋರಿಸಿ ಮುಚ್ಚಿಬಿಟ್ಟರು. ನಮ್ಮನೆಯವರು, ಅಂದ್ರೆ ನನ್ನ ಗಂಡ, ಅದನ್ನ ಟವೆಲಲ್ಲಿ ಸುತ್ತಿಕೊಂಡು ಹೋದರು, ಬರಿಗೈಲಿ ಬಂದರು, ಕಾಫಿ ಕುಡೀತೀಯಾ ಅಂತ ಕೇಳಿದರು. ಅವರು ಮಾತು ಕಮ್ಮಿ. ಅದನ್ನ ಒಳ್ಳೇತನ ಅಂತ ನಾನು ಬಹಳ ದಿನ ತಿಳಿದಿದ್ದೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಸಂಜೆ ಬಡಗಣ ಗಾಳಿ ಕೊರೀತಿತ್ತು. ಆಟೋ ಇಳಿದು ನಾನು ಸೀದಾ ಹಿಂದಿನ ಕೋಣೆಗೆ ಹೋದೆ. ಬಾಗಿಲು ತೆಗೆದ್ರೆ ಮಂಚ ಇಲ್ಲ. ಮಂಚ ಇದ್ದ ಜಾಗದಲ್ಲಿ ಮೂರು ಕುಂಡ. ಮರಗುಲಾಬಿಯ ಬೋಳು ಕಾಲಿಗೆ ಅತ್ತೆಯ ಹಳೇ ನೂಲಿನ ಸೀರೆ ಸುತ್ತಿ, ಕಸಿ ಗಂಟಿಗೆ ಹತ್ತಿ ಒತ್ತಿ, ಮೇಲೆ ತಲೆಗೆ ಕಟ್ಟೋ ಬಟ್ಟೆ ಬಿಗಿದಿತ್ತು. ಬಾಣಂತಿ ಕಿವಿಗೆ ಹತ್ತಿ ಇಟ್ಟು ಕಟ್ತಾರಲ್ಲ, ಅಚ್ಚು ಹಂಗೇ. ಬಿಳೀ ಬಟ್ಟೆ. ನನಗೆ ಅಂತ ಹರಿದಿಟ್ಟಿದ್ದ ಬಟ್ಟೆ.

"ಬಾಗಿಲು ಹಾಕು, ಗಾಳಿ ಹೋಗುತ್ತೆ ಒಳಗೆ," ಅಂದರು ಅತ್ತೆ ನನ್ನ ಬೆನ್ನ ಹಿಂದೆ.

"ನಾನೆಲ್ಲಿ ಮಲಗ್ಲಿ ಅತ್ತೆ?"

"ನಡುಮನೇಲಿ ಚಾಪೆ ಹಾಕಿದೀನಿ. ಮಗು ಇಲ್ದಿರೋ ಬಾಣಂತನ ಯಾವ ಸುಖಕ್ಕೆ ಕಣಮ್ಮ? ಎದ್ದು ಓಡಾಡು, ಮೈ ತಾನಾಗೇ ಸರಿಹೋಗುತ್ತೆ. ಸುಣ್ಣ ಹೊಡೆಸಿದ ಕೋಣೆ, ಸುಮ್ನೆ ಯಾಕೆ ದಂಡ ಮಾಡೋದು."

ಕೋಪದಿಂದ ಹೇಳಿದ್ರೆ ತಡ್ಕೋಬಹುದಿತ್ತು. ಮಾಮೂಲಿ ದನೀಲಿ, ಉಳಿದ ಅನ್ನಕ್ಕೆ ಮಜ್ಜಿಗೆ ಹಾಕಿಡು ಅನ್ನೋ ದನೀಲಿ ಹೇಳಿದರು. ನಾನು ಗಂಡನ ಮುಖ ನೋಡಿದೆ. ಅವರು ನನ್ನ ಚೀಲ ಕೆಳಗಿಟ್ಟು, ಮಗ್ಗದ ಸ್ವಿಚ್ ಹಾಕೋಕೆ ಹೋದರು.

ನಡುಮನೆ ನೆಲ ಸಿಮೆಂಟು. ಪಕ್ಕದ ಗೋಡೆ ಆಚೆ ಮಗ್ಗ ಬಡಿದ್ರೆ ನನ್ನ ಹೊಲಿಗೆವರೆಗೂ ನಡುಗ್ತಿತ್ತು. ಮಗು ಇಲ್ಲ ಅಂತ ಎದೆಗೆ ಯಾರು ಹೇಳಬೇಕು? ಹಾಲು ಬಂತು. ಕಲ್ಲಾಯ್ತು. ರವಿಕೆ ನೆನೆದು, ಆ ಚಳಿಗೆ ಮೈಗಂಟಿಕೊಂಡು, ಹಲ್ಲು ಕಡೀತಾ ಕೂತಿದ್ದೆ. ಅತ್ತೆ ನನ್ನ ಮುಂದೇನೇ ಅಗ್ಗಿಷ್ಟಿಕೆ ಹಿಡಿದು ಹಿಂದಿನ ಕೋಣೆಗೆ ಹೋಗೋರು. ಕೆಂಡಕ್ಕೆ ಓಮಿನಕಾಳು ಉದುರಿಸಿದ ವಾಸನೆ ನಡುಮನೆಗೆಲ್ಲ ಬರೋದು. ಗಿಡಕ್ಕೆ ತಣ್ಣೀರು ಹಾಕೋ ಹಾಗಿಲ್ಲ, ಉಗುರುಬೆಚ್ಚಗೆ ಕಾಯಿಸಿ ಹಾಕೋರು. ನಾನು ಮುಖ ತೊಳೀತಿದ್ದದ್ದು ತೊಟ್ಟಿ ನೀರಲ್ಲಿ. ಬಡವನ ಕೋಪ ದವಡೆಗೆ ಮೂಲ, ನುಂಗಿಕೊಂಡೆ.

ನೀರು ಹಾಕೋ ಅಜ್ಜಿಗೆ ಬೇಡ ಅಂತ ಹೇಳಿ ಕಳಿಸೋದು ಅತ್ತೆ ಮರೆತಿದ್ದರು. ಆಕೆ ಒಂದು ಬೆಳಿಗ್ಗೆ ಎಣ್ಣೆ ಗಿಂಡಿ ಹಿಡಿದು ಬಂದೇಬಿಟ್ಟಳು. ಅತ್ತೆ ಬಾಗಿಲಲ್ಲೇ ತಡೆದು, "ಕೂಸೇ ಇಲ್ಲ, ಯಾರಿಗೆ ಹಾಕ್ತೀಯಾ ನೀರು?" ಅಂದರು. ಅಜ್ಜಿ ನನ್ನ ಕಡೆ ನೋಡಿದಳು, ನನ್ನ ರವಿಕೆ ನೋಡಿದಳು.

"ಕೂಸು ಹೋದ್ರೆ ಹೆತ್ತ ಮೈ ಎಲ್ಲಿಗೆ ಹೋಗುತ್ತೆ ತಾಯಿ?" ಅಂದಳು.

"ನೀನು ಧರ್ಮ ಹೇಳೋಕೆ ಬರಬೇಡ. ಹೋಗು."

ಹೋದಳು. ಹೋಗುವಾಗ ತುರುಬಲ್ಲಿದ್ದ ಮಲ್ಲಿಗೆ ತುಂಡು ಬಿಚ್ಚಿ ನನ್ನ ಮಡಿಲಿಗೆ ಹಾಕಿ, ಎದೆಗೆ ಕಟ್ಟಿಕೋ, ಹಾಲು ಬತ್ತುತ್ತೆ ಅಂದಳು. ಕಟ್ಟಿಕೊಂಡೆ. ಆ ಮನೇಲಿ ನಾನು ಹೆತ್ತಿದ್ದೀನಿ ಅಂತ ಬಾಯಿಬಿಟ್ಟು ಹೇಳಿದ್ದು ಆಕೆ ಒಬ್ಬಳೇ. ಉಳಿದವರಿಗೆಲ್ಲ ನಾನು ಜ್ವರ ಬಂದು ಆಸ್ಪತ್ರೆಗೆ ಹೋಗಿ ಬಂದವಳು. ಬೀದಿಯವರೂ ಬರಲಿಲ್ಲ. ಹುಟ್ಟುತ್ತಲೇ ಹೋದ ಕೂಸಿಗೆ ಮಾತಾಡಿಸೋಕೆ ಬರೋ ಪದ್ಧತಿ ನಮ್ಮಲ್ಲಿಲ್ಲ.

ಸ್ವಲ್ಪ ದಿನಕ್ಕೆ ನೂಲು ಸುತ್ತೋಕೆ ಕೂರಿಸಿದರು. ಕೂತು ಮಾಡೋ ಕೆಲಸ ತಾನೇ ಅಂತ. ಒಂದು ಮಧ್ಯಾಹ್ನ ಅತ್ತೆ ಯಾರದೋ ಮನೆ ಕುಂಕುಮಕ್ಕೆ ಹೋಗಿದ್ದರು, ನಮ್ಮನೆಯವರು ಸೀರೆ ಕೊಡೋಕೆ ಪೇಟೆಗೆ ಹೋಗಿದ್ದರು. ಕೈ ಮರಗಟ್ಟಿ ನೂಲು ಹಿಡಿಯೋಕಾಗ್ತಿರಲಿಲ್ಲ. ಎದ್ದು ಹಿಂದಿನ ಕೋಣೆಗೆ ಹೋದೆ. ಬಾಗಿಲು ತೆಗೆದ ಕೂಡಲೇ ಬಿಸಿ ಮುಖಕ್ಕೆ ಬಡೀತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕುಂಡಗಳ ಮಧ್ಯೆ ನೆಲದ ಮೇಲೆ ಕೂತೆ. ದಾಸವಾಳಕ್ಕೆ ಕಟ್ಟಿದ್ದ ಬಿಳೀ ಬಟ್ಟೆ ಬಿಚ್ಚಿದೆ, ನನ್ನ ಕಿವಿ ಮುಚ್ಚೋ ಹಾಗೆ ತಲೆಗೆ ಕಟ್ಟಿಕೊಂಡೆ, ಮಲಗಿದೆ. ಆಸ್ಪತ್ರೆಯಿಂದ ಬಂದ ಮೇಲೆ ಅವತ್ತೇ ನನಗೆ ನಿದ್ದೆ ಬಂದದ್ದು.

ಎಚ್ಚರ ಆದಾಗ ಅತ್ತೆ ನಿಂತಿದ್ದರು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡೆ. ಬೈಯಲಿಲ್ಲ. ಬಗ್ಗಿ ಅಗ್ಗಿಷ್ಟಿಕೆ ಊದಿದರು.

"ಸರ್ಕೊಂಡು ಮಲಗು. ಕುಂಡಕ್ಕೆ ಕಾಲು ತಗಲುತ್ತೆ," ಅಂದರು. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಬಂದಿದ್ದು ಬಂದೆ, ಇಲ್ಲೇ ಇರು. ನನಗೂ ಗಳಿಗೆಗೊಂದು ಸಲ ಎದ್ದು ಬರೋಕೆ ಮಂಡಿ ನೋವು. ಕೆಂಡ ಆರದ ಹಾಗೆ ನೋಡ್ಕೋ. ನೂಲು ಇಲ್ಲೇ ತಂದ್ಕೊಡ್ತೀನಿ," ಅಂದರು.

ಹೀಗೆ ನಾನು ನನ್ನ ಬಾಣಂತನದ ಕೋಣೆ ಸೇರಿದೆ, ಬಾಣಂತಿಯಾಗಿ ಅಲ್ಲ, ಗುಲಾಬಿ ಗಿಡದ ಆಯಾ ಆಗಿ. ನಾಚಿಕೆ ಬಿಟ್ಟು ಹೇಳ್ತೀನಿ, ನನಗೆ ಖುಷಿಯಾಯ್ತು. ಗಿಡಕ್ಕೆ ಕಾಯಿಸಿದ ನೀರಲ್ಲಿ ಅರ್ಧ ನಾನು ಮೈಗೆ ಹಾಕಿಕೊಂಡೆ. ಗಿಡಕ್ಕೆ ಹಾಕಿದ ಸಾಂಬ್ರಾಣಿಗೆ ಕೂದಲು ಒಡ್ಡಿದೆ. ಹೊಗೆಗೆ ತಲೆ ಸಿಡಿದ್ರೆ ಗೋಣಿ ಸ್ವಲ್ಪ ಸರಿಸಿ ಮೂಗು ಆಚೆ ಇಡ್ತಿದ್ದೆ. ಮೆಣಸಿನ ಸಾರು ಮಾತ್ರ ಸಿಗಲಿಲ್ಲ, ಗಿಡ ಸಾರು ಕುಡಿಯಲ್ಲವಲ್ಲ. ಹೊಲಿಗೆ ಒಣಗಿತು. ಸೊಂಟ ನೆಟ್ಟಗಾಯ್ತು.

ಗಿಡಗಳದ್ದು ಬೇರೆ ಕಥೆ. ಮದುವೆಗೆ ಮುಂಚೆ ನಾನು ಬೂದಿಗೆರೆ ಹತ್ರ ಒಂದು ಗುಲಾಬಿ ಪಾಲಿಹೌಸಲ್ಲಿ ಕೆಲಸಕ್ಕೆ ಹೋಗ್ತಿದ್ದೆ, ಹೂವು ಕತ್ತರಿಸೋಕೆ. ನಮ್ಮ ಕಡೆ ಚಳಿ ಅಂದ್ರೆ ಗುಲಾಬಿಗೆ ಹಬ್ಬ ಅಂತ ಅಲ್ಲಿ ಕಣ್ಣಾರೆ ನೋಡಿದ್ದೀನಿ. ಬೇಕಾಗಿದ್ದದ್ದು ಬಿಸಿಲು, ಗಾಳಿ. ಈ ಕತ್ತಲಲ್ಲಿ, ಈ ಬಿಸಿಯಲ್ಲಿ, ಗುಲಾಬಿ ತಲೆಯಿಂದ ಬಿಳಿಚಿಕೊಂಡ ಉದ್ದುದ್ದ ಚಿಗುರು ಬಂತು, ದಾರದಷ್ಟು ಸಣ್ಣಕ್ಕೆ. ಅತ್ತೆ ಅದನ್ನ ನೋಡಿ ಹಿಗ್ಗಿದರು. ದಾಸವಾಳದ ಎಲೆ ಹಳದಿಯಾಗಿ ಉದುರಿತು, ಗೆಣ್ಣುಗೆಣ್ಣಿಗೂ ಬಿಳೀ ಹಿಟ್ಟಿನಂಥ ಹುಳ ಕೂತಿತು. ದಿನಾ ಬಿಸಿನೀರು ಕುಡಿದು ಕುಂಡದ ಮಣ್ಣು ಹುಳಿ ವಾಸನೆ ಹೊಡೀತಿತ್ತು.

ಹೇಳಿ ನೋಡೋಣ ಅಂತ ಬಾಯಿಬಿಟ್ಟೆ. "ಅತ್ತೆ, ಬೇರು ಕೊಳೀತಿದೆ. ಬಟ್ಟೆ ಬಿಚ್ಚಿ ಬಿಸಿಲಿಗಿಡೋಣ. ಈಗಲೂ ಉಳಿಯುತ್ತೆ."

ಅತ್ತೆ ಗಿಡದ ಹತ್ತಿ ಸರಿ ಮಾಡ್ತಾ ಇದ್ದರು. ತಿರುಗಿಯೂ ನೋಡಲಿಲ್ಲ.

"ನಿನ್ನದನ್ನೇ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ನಿನಗೆ. ನನ್ನದನ್ನ ಉಳಿಸೋಕೆ ಬರ್ತೀಯಾ?"

ಅದಾದ ಮೇಲೆ ನಾನು ಗಿಡದ ವಿಷಯ ಎತ್ತಲಿಲ್ಲ. ಅವರು ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದೆ. ಒಂದು ಗಳಿಗೇನೂ ಕೆಂಡ ಆರಲು ಬಿಡಲಿಲ್ಲ. ನೀರು ಹಾಕು ಅಂದ್ರೆ ಹಾಕಿದೆ, ಹೊಗೆ ಹಾಕು ಅಂದ್ರೆ ಹಾಕಿದೆ. ನೂಲು ಸುತ್ತುತ್ತಾ ಕೂತು, ಆ ಗಿಡಗಳು ದಿನದಿಂದ ದಿನಕ್ಕೆ ಕೊಳೆಯೋದನ್ನ ಕಣ್ತುಂಬ ನೋಡಿದೆ. ಪಾಪ ಅನ್ನಿಸ್ತಾ ಅಂತ ಕೇಳಿದ್ರೆ, ಇಲ್ಲ. ನೀವು ಏನಾದ್ರೂ ಅಂದ್ಕೊಳ್ಳಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅಂತಾರೆ. ಶಿವರಾತ್ರಿ ಕಳೆದ ಮೇಲೆ ಅತ್ತೆ ಗಿಡ ಆಚೆ ತರೋ ಶಾಸ್ತ್ರ ಇಟ್ಟುಕೊಂಡರು. ಬೀದಿ ಹೆಂಗಸರನ್ನ ಕರೆದರು. ಅಂಗಳ ಸಾರಿಸಿ ರಂಗೋಲಿ ಹಾಕಿದರು. ನೋಡೋಕೆ ಥೇಟು ಮಗು ಹೊರಗೆ ತರೋ ದಿನ. ಕುಂಡಗಳನ್ನ ಎತ್ತಿ ತಂದಿಟ್ಟವಳು ನಾನೇ. ನಮ್ಮನೆಯವರು ಮಗ್ಗ ನಿಲ್ಲಿಸಿ ಬಾಗಿಲಿಗೆ ಒರಗಿ ನಿಂತಿದ್ದರು.

ಅತ್ತೆ ಮೊದಲನೇ ಗುಲಾಬಿಯ ಸೀರೆ ಬಿಚ್ಚಿದರು. ಸೀರೆ ಜೊತೆಗೆ ತೊಗಟೆಯೂ ಸುಲಿದು ಬಂತು. ತಲೆಗೆ ಕಟ್ಟಿದ್ದ ಬಟ್ಟೆ ತೆಗೀತಿದ್ದ ಹಾಗೇ ಕಸಿ ಗಂಟು ಅವರ ಕೈಗೇ ಮುರಿದು ಬಂತು, ಒಳಗೆಲ್ಲ ಕಪ್ಪು. ಎರಡನೆಯದೂ ಹಂಗೇ. ದಾಸವಾಳದ ಜಡೆ ಹಿಡಿದರು, ಬುಡದಲ್ಲಿ ಮೆತ್ತಗಾಗಿ ಬೆರಳು ಒಳಗಿಳಿಯಿತು. ಎರಡನೇ ಗುಲಾಬಿಯ ಬುಡದಲ್ಲಿ ಒಂದು ಹಸಿರು ಚಿಗುರು ಇತ್ತು, ದಪ್ಪಗೆ, ಮುಳ್ಳುಮುಳ್ಳಾಗಿ. ಅತ್ತೆ ಅದನ್ನ ಹಿಡಿದು, "ಬದುಕಿದೆ, ಇದು ಬದುಕಿದೆ," ಅಂದರು.

"ಅದು ಕಾಡು ಗುಲಾಬಿ ಅತ್ತೆ," ಅಂದೆ. "ಬೇರಿಂದ ಬಂದದ್ದು. ನಿಮ್ಮದು ಸತ್ತಿದೆ."

ಅತ್ತೆ ನೆಲದ ಮೇಲೆ ಕೂತುಬಿಟ್ಟರು. ಮುರಿದ ತಲೆಯನ್ನ ಮಡಿಲಲ್ಲಿಟ್ಟುಕೊಂಡು ಅತ್ತರು, ನಿಜವಾದ ಅಳು. ಹೆಂಗಸರು ಸುತ್ತ ಕೂತು ಬೆನ್ನು ಸವರಿದರು. ಎಷ್ಟು ಮಾಡಿದ್ಯಮ್ಮ, ಹೆತ್ತ ಮಕ್ಕಳಿಗೂ ಯಾರೂ ಇಷ್ಟು ಮಾಡಲ್ಲ ಅಂದರು. ಒಬ್ಬಳು ಒಳಗೆ ಹೋಗಿ ನೀರು ತಂದುಕೊಟ್ಟಳು. ನಾನು ಮಣ್ಣಿನ ಕೈ ಹಾಗೇ ಹಿಡಿದು ನಿಂತಿದ್ದೆ.

ನೀರು ಕುಡಿದು ಅತ್ತೆ ನನ್ನ ಕಡೆ ಕೈ ತೋರಿಸಿದರು. "ಇವಳನ್ನ ಒಳಗೆ ಬಿಟ್ಟಿದ್ದು ನನ್ನ ತಪ್ಪು. ಸತ್ತ ಕೂಸು ಹೆತ್ತು ಬಂದವಳು. ಇವಳು ಆ ಕೋಣೆಗೆ ಹೋದ ಮೇಲೇ ಎಲೆ ಉದುರೋಕೆ ಶುರುವಾಗಿದ್ದು. ಅದರ ಬಟ್ಟೆ ಬಿಚ್ಚಿ ತಲೆಗೆ ಕಟ್ಕೊಂಡಿದ್ದಳು ಕಣ್ರೇ, ನಾನೇ ನೋಡಿದೆ. ಇವಳ ಕೈಯಲ್ಲಿ ಯಾವುದೂ ಉಳಿಯಲ್ಲ."

ಹೆಂಗಸರು ಲೊಚಗುಟ್ಟಿದರು. ಯಾರಿಗೆ ಲೊಚಗುಟ್ಟಿದರೋ ಗೊತ್ತಾಗಲಿಲ್ಲ. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಸತ್ತ ಕೂಸು ಹೆತ್ತವಳು ಅಂದರಲ್ಲ, ಹೆತ್ತವಳು ಅಂತ ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಅಷ್ಟು ಹಸಿದಿದ್ದೆ ಆ ಒಂದು ಮಾತಿಗೆ.

ಎಲ್ಲರೂ ಹೋದರು. ಅತ್ತೆ ಒಳಗೆ ಹೋಗಿ ಮುಸುಕು ಹಾಕಿ ಮಲಗಿದರು. ನಾನು ಸತ್ತ ಗಿಡಗಳನ್ನ ಕಿತ್ತು, ಕುಂಡದ ಮಣ್ಣು ಸುರಿದು, ಅಂಗಳ ಗುಡಿಸಿದೆ. ಗಂಡ ಇನ್ನೂ ಬಾಗಿಲಲ್ಲೇ ನಿಂತಿದ್ದರು. ಈಗ ಏನಾದ್ರೂ ಹೇಳ್ತಾರೆ ಅಂದುಕೊಂಡೆ. ಅಮ್ಮ ಹಂಗೆ ಅನ್ನಬಾರದಿತ್ತು ಅಂತ ಅಂದಿದ್ರೆ ಸಾಕಾಗಿತ್ತು. ಪಕ್ಕಕ್ಕೆ ಬಂದು, ಯಾರಿಗೂ ಕೇಳಿಸದ ಹಾಗೆ, ಮೆಲ್ಲಗೆ, ನನ್ನನ್ನ ಕ್ಷಮಿಸೋಕೆ ರೆಡಿಯಾಗಿರೋರ ಥರ ಕೇಳಿದರು.

"ನಿಜ ಹೇಳು. ಮಗು ವಿಷಯದಲ್ಲೂ ನೀನು ಏನಾದ್ರೂ ಮಾಡಿಕೊಂಡಿದ್ಯಾ?"

ಇಷ್ಟು ದಿನದ ಮೌನದಲ್ಲಿ ಅವರು ಬಚ್ಚಿಟ್ಟುಕೊಂಡಿದ್ದದ್ದು ಇದು. ಆಸ್ಪತ್ರೆಯಲ್ಲಿ ಕಾಫಿ ಬೇಕಾ ಅಂತ ಕೇಳಿದಾಗಲೂ ಒಳಗಿದ್ದದ್ದು ಇದೇ. ನಾನು ಪೊರಕೆ ಕೆಳಗಿಟ್ಟೆ.

"ಮಾಡಿದೆ," ಅಂದೆ. "ಹೆತ್ತೆ. ರಾತ್ರಿಯೆಲ್ಲ ನೋವು ತಿಂದು ಹೆತ್ತೆ. ಈ ಮನೇಲಿ ಯಾರಿಗೂ ಅದು ಕಾಣಲಿಲ್ಲ."

ಅವರು ನನ್ನ ಮುಖ ನೋಡಲಿಲ್ಲ. ಒಳಗೆ ಹೋಗಿ ಮಗ್ಗ ಹಾಕಿದರು.